ಕ್ರ್ಯಾಶ್ ಡಂಪ್ ಮೆಟಾಡೇಟಾಕ್ಕೆ ಹೆಸರಿಡುವ ಪದ್ಧತಿಗಳು: ಯಾವುದು ಎಲ್ಲಿಗೆ ಹೊಂದುತ್ತದೆ

ಯಂತ್ರವೋ ಪ್ರೋಗ್ರಾಮೋ ಕುಸಿದುಬಿದ್ದಾಗ ಉಳಿಸಿಟ್ಟ ಮೆಮೊರಿಯ ಪ್ರತಿಯೇ ಕ್ರ್ಯಾಶ್ ಡಂಪ್, ಅದರ ಬಗೆಗಿನ ಮಾಹಿತಿ ಮೆಟಾಡೇಟಾ. ಯಂತ್ರ ಯಾವ ಹೊತ್ತಿಗೆ ಬಿತ್ತು ಎಂಬ ಒಂದೇ ಸಂಗತಿಯನ್ನು ತೆಗೆದುಕೊಳ್ಳಿ. ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಅದಕ್ಕೆ ‘ಕ್ರ್ಯಾಶ್‌ಟೈಮ್’ ಎಂದು ಹೆಸರಿಟ್ಟು, 1970ರಿಂದ ಕಳೆದ ಸೆಕೆಂಡುಗಳಲ್ಲಿ ಬರೆಯುತ್ತದೆ. ವಿಂಡೋಸ್ ಕರ್ನಲ್ ಡಂಪಿನ ಹೆಡರ್‌ನಲ್ಲಿ ಅದು ‘ಸಿಸ್ಟಮ್‌ಟೈಮ್’. ಎಣಿಕೆ ಶುರುವಾಗುವುದು 1601ರಿಂದ, ಅಳತೆ 100 ನ್ಯಾನೊಸೆಕೆಂಡಿನದು. ಲಿನಕ್ಸ್‌ನಲ್ಲಿ ಬಿದ್ದ ಪ್ರೋಗ್ರಾಮುಗಳ ಡಂಪ್ ಹಿಡಿದಿಡುವ ಸಿಸ್ಟಮ್‌ಡಿ-ಕೋರ್‌ಡಂಪ್ ಫೈಲಿನ ಹೆಸರಲ್ಲೇ ಮೈಕ್ರೊಸೆಕೆಂಡ್ ಸಂಖ್ಯೆ ಇಡುತ್ತದೆ, ಆದರೆ ಅದರ ಕೊನೆಯ ಆರು ಅಂಕಿ ಸೊನ್ನೆಗಳೇ. ಕರ್ನಲ್ ಕೊಟ್ಟದ್ದು ಬರೀ ಸೆಕೆಂಡು, ಮುಂದಿನದು ಅಂಟಿಸಿದ ಬಾಲ. ಲಿನಕ್ಸ್ ಕರ್ನಲ್ ಬಿದ್ದಾಗ ಎರಡನೆಯ ಕರ್ನಲ್ ಎಬ್ಬಿಸಿ ಡಂಪ್ ಉಳಿಸುವ ಕೆಡಂಪ್‌ನ ಸ್ಕ್ರಿಪ್ಟು ಡೈರೆಕ್ಟರಿಯ ಹೆಸರಿನಲ್ಲಿ ದಿನಾಂಕ, ಗಂಟೆ, ನಿಮಿಷ ಬರೆಯುತ್ತದೆ. ಆಗ ಗಡಿಯಾರ ಯಾವ ಟೈಮ್‌ಝೋನ್‌ನಲ್ಲಿತ್ತು ಎಂಬ ಗುರುತು ಅಲ್ಲಿಲ್ಲ. ನಾಲ್ಕು ಹೆಸರುಗಳಲ್ಲಿ ಒಂದರಲ್ಲೂ ಅಳತೆಯ ಸುಳಿವಿಲ್ಲ.

ಹಲವು ಬಗೆಯ ಯಂತ್ರಗಳಿಂದ ಡಂಪ್ ಸಂಗ್ರಹಿಸುವವರಿಗೆ, ಅಥವಾ ತಮ್ಮದೇ ಡಂಪ್ ಫಾರ್ಮ್ಯಾಟಿಗೆ ಹೊಸ ಮಾಹಿತಿ ಸೇರಿಸುವವರಿಗೆ ಇದು ನಿತ್ಯದ ತಲೆನೋವು. ದೊಡ್ಡಕ್ಷರವೋ ಸಣ್ಣಕ್ಷರವೋ, ಅಂಡರ್‌ಸ್ಕೋರೋ ಚುಕ್ಕಿಯೋ ಎಂಬ ವಾದ ಬೇಗ ಬಿಸಿಯಾಗುತ್ತದೆ, ಆದರೆ ಅದು ಎರಡನೆಯ ಪ್ರಶ್ನೆ. ಮೊದಲು ಕೇಳಬೇಕಾದದ್ದು: ಈ ಹೆಸರನ್ನು ಬರೆಯುವವರು ಯಾರು? ಕೊನೆಯುಸಿರು ಎಳೆಯುತ್ತಿರುವ ಕರ್ನಲ್ಲೋ, ಅದರ ಹಿಂದೆ ಎದ್ದ ಎರಡನೆಯ ಕರ್ನಲ್ಲೋ, ರೀಬೂಟ್ ಆದಮೇಲೆ ಆರಾಮವಾಗಿ ಓಡುತ್ತಿರುವ ಸರ್ವಿಸೋ? ಮೂವರ ಶಕ್ತಿಯೂ ಬೇರೆ ಬೇರೆ, ಹಾಗಾಗಿ ಮೂವರಿಗೂ ಹೊಂದುವ ಪದ್ಧತಿಯೂ ಬೇರೆ.

(ಇಲ್ಲಿ ಕೀ ಮತ್ತು ಫೀಲ್ಡಿನ ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಬರೆದಿದೆ. ದೊಡ್ಡಕ್ಷರ ಸಣ್ಣಕ್ಷರದ ವ್ಯತ್ಯಾಸ ಮುಖ್ಯವಾದ ಕಡೆ ಹಾಗೆಂದು ಹೇಳಿದೆ.)

ಫೈಲಿನ ಹೆಸರಲ್ಲೇ ಎಲ್ಲವನ್ನೂ ತುಂಬುವುದು

ಎಲ್ಲಕ್ಕಿಂತ ಸುಲಭದ ದಾರಿ ಇದು. ಡಂಪ್ ತೆರೆಯದೆ, ಡೈರೆಕ್ಟರಿ ಪಟ್ಟಿ ನೋಡಿಯೇ ಏನು ಬಿದ್ದಿದೆ ಎಂದು ಗೊತ್ತಾಗುತ್ತದೆ. ಲಿನಕ್ಸ್‌ನ ಕೋರ್_ಪ್ಯಾಟರ್ನ್ ಇದಕ್ಕೆಂದೇ ಒಂದು ಪುಟ್ಟ ಭಾಷೆ ಕೊಡುತ್ತದೆ: ಶೇಕಡಾ ಚಿಹ್ನೆಯ ಪಕ್ಕ ಸಣ್ಣ ಪಿ ಬಂದರೆ ಪ್ರೊಸೆಸ್ ಐಡಿ, ಸಣ್ಣ ಟಿ ಬಂದರೆ ಸೆಕೆಂಡುಗಳಲ್ಲಿ ಸಮಯ, ಎಚ್ ಬಂದರೆ ಹೋಸ್ಟ್‌ನೇಮ್, ಎಸ್ ಬಂದರೆ ಸಿಗ್ನಲ್ ಸಂಖ್ಯೆ. ಪ್ಯಾಟರ್ನ್ ಸ್ಟ್ರಿಂಗಿಗೆ 128 ಬೈಟಿನ ಮಿತಿ. ವಿಸ್ತರಿಸಿದ ಮೇಲೆ ಸಾಮಾನ್ಯ ಫೈಲ್ ಸಿಸ್ಟಮ್‌ನಲ್ಲಿ ಒಂದು ಹೆಸರಿಗೆ 255 ಬೈಟು.

ಎಡವುವುದು ಸಣ್ಣ ಇ ಹತ್ತಿರ. ಅದನ್ನು ಪ್ರೋಗ್ರಾಮಿನ ಹೆಸರು ಎಂದುಕೊಂಡು ಬಳಸುತ್ತಾರೆ. ವಾಸ್ತವದಲ್ಲಿ ಅದು ಥ್ರೆಡ್ಡಿನ ‘ಕಾಮ್’ ಹೆಸರು: 15 ಅಕ್ಷರಕ್ಕೆ ಕತ್ತರಿಸಿದ್ದು, ಮೇಲಾಗಿ ಪ್ರೋಗ್ರಾಮು ತಾನೇ ಬದಲಾಯಿಸಬಹುದಾದದ್ದು. ಥ್ರೆಡ್ಡುಗಳಿಗೆ ‘ವರ್ಕರ್-3’ ಎಂಬಂಥ ಹೆಸರು ಕೊಡುವ ಸರ್ವರ್ ಬಿದ್ದರೆ ಕೋರ್ ಫೈಲಿನ ಮೇಲೆ ಬರುವುದು ‘ವರ್ಕರ್-3’, ಸರ್ವರಿನ ಹೆಸರಲ್ಲ. ಒಂದೇ ಪ್ರೋಗ್ರಾಮಿನ ಕ್ರ್ಯಾಶುಗಳು ಹತ್ತು ಹೆಸರುಗಳಲ್ಲಿ ಚದುರಿಹೋಗುತ್ತವೆ. ಕಾರ್ಯಗತ ಫೈಲಿನ ನಿಜ ಹೆಸರು ಬೇಕಾದರೆ ಹೊಸ ಕರ್ನಲ್‌ಗಳಲ್ಲಿ ಎಫ್, ಪೂರ್ತಿ ಪಾತ್ ಬೇಕಾದರೆ ದೊಡ್ಡ ಇ. ಕಂಟೇನರ್‌ಗಳಿದ್ದರೆ ಸಣ್ಣ ಪಿ ಕೂಡ ಮೋಸ ಮಾಡುತ್ತದೆ: ಅದು ಕಂಟೇನರಿನ ಒಳಗಿನ ಪಿಐಡಿ. ಹೋಸ್ಟ್ ಲಾಗಿನೊಂದಿಗೆ ಹೊಂದಿಸಲು ದೊಡ್ಡ ಪಿ ಬೇಕು.

ಪಾತ್ ಅನ್ನು ಹೆಸರಿನೊಳಗೆ ಸೇರಿಸುವಾಗ ಸ್ಲ್ಯಾಶ್ ಇಡುವಂತಿಲ್ಲ. ಕರ್ನಲ್ ಅದರ ಜಾಗದಲ್ಲಿ ಆಶ್ಚರ್ಯಸೂಚಕ ಚಿಹ್ನೆ ಹಾಕುತ್ತದೆ. ಉಬುಂಟುವಿನ ಕ್ರ್ಯಾಶ್ ವರದಿ ಸಾಧನ ಆಪೋರ್ಟ್ ಅಂಡರ್‌ಸ್ಕೋರ್ ಹಾಕುತ್ತದೆ. ಕಣ್ಣಿಗೆ ಅಂಡರ್‌ಸ್ಕೋರ್ ಚೆಂದ, ಆದರೆ ಮೂಲ ಪಾತಿನಲ್ಲೇ ಅಂಡರ್‌ಸ್ಕೋರ್ ಇದ್ದರೆ ಹಿಂದಿರುಗಿ ಬಿಡಿಸಲಾಗದು. ಆಶ್ಚರ್ಯಸೂಚಕ ಫೈಲ್ ಹೆಸರುಗಳಲ್ಲಿ ಅಪರೂಪ, ಹಾಗಾಗಿ ಬಹುಮಟ್ಟಿಗೆ ಬಿಡಿಸಬಹುದು. ಪ್ರತಿಯಾಗಿ, ಬ್ಯಾಶ್ ಶೆಲ್‌ನಲ್ಲಿ ಡಬಲ್ ಕೋಟಿನೊಳಗೂ ಅದು ಹಳೆಯ ಕಮಾಂಡನ್ನು ಎಳೆದು ತರುತ್ತದೆ. ಸಿಂಗಲ್ ಕೋಟ್ ಬಳಸಿದರೆ ಮುಗಿಯಿತು. ಈ ಎರಡರಲ್ಲಿ ಆರಿಸುವುದಾದರೆ ಬಿಡಿಸಿ ಓದಲು ಬರುವುದನ್ನೇ ಆರಿಸಿ.

ಆಪೋರ್ಟ್ ಹೆಸರಲ್ಲಿ ಪಾತ್ ಮತ್ತು ಯೂಸರ್ ಐಡಿ ಮಾತ್ರ ಇರುತ್ತವೆ, ಸಮಯವಿಲ್ಲ. ಒಬ್ಬನೇ ಬಳಕೆದಾರನ ಒಂದೇ ಪ್ರೋಗ್ರಾಮು ಮತ್ತೆ ಬಿದ್ದರೆ ಹೆಸರು ಅದೇ. ಒಂದು ಡೆಸ್ಕ್‌ಟಾಪ್ ಯಂತ್ರಕ್ಕೆ ಇದು ಒಳ್ಳೆಯ ನಿರ್ಧಾರ: ಡಿಸ್ಕ್ ತುಂಬುವುದಿಲ್ಲ. ನೂರು ಸರ್ವರ್‌ಗಳಿಂದ ಒಂದೇ ಜಾಗಕ್ಕೆ ಎಳೆದು ತರುವಾಗ ಮಾತ್ರ ಒಂದು ಇನ್ನೊಂದನ್ನು ನುಂಗುತ್ತದೆ.

ಕ್ರಮಸಂಖ್ಯೆಯ ಹೆಸರುಗಳದ್ದು ಬೇರೆಯೇ ಸಮಸ್ಯೆ. ಫ್ರೀಬಿಎಸ್‌ಡಿಯಲ್ಲಿ ಕರ್ನಲ್ ಡಂಪಿನ ಹೆಸರು ವಿಎಂಕೋರ್.0, ವಿಎಂಕೋರ್.1 ಎಂದು ಸಾಗುತ್ತದೆ. ಮುಂದಿನ ಸಂಖ್ಯೆ ‘ಬೌಂಡ್ಸ್’ ಎಂಬ ಪುಟ್ಟ ಫೈಲಿನಲ್ಲಿರುತ್ತದೆ. ಯಾರೋ ಜಾಗ ಖಾಲಿ ಮಾಡುವ ಭರದಲ್ಲಿ ಆ ಫೈಲನ್ನೂ ಅಳಿಸಿದರೆ ಎಣಿಕೆ ಮತ್ತೆ 0. ಆಂಡ್ರಾಯ್ಡ್‌ನ ಕ್ರ್ಯಾಶ್ ವರದಿಗಳ ಟೂಂಬ್‌ಸ್ಟೋನ್_00, ಟೂಂಬ್‌ಸ್ಟೋನ್_01 ಹೆಸರುಗಳು ಸುತ್ತು ಹಾಕಿ ಮರುಬಳಕೆಯಾಗುತ್ತವೆ. ನಿನ್ನೆಯ ಬಗ್ ವರದಿಯಲ್ಲಿ ‘ಟೂಂಬ್‌ಸ್ಟೋನ್_04 ನೋಡಿ’ ಎಂದು ಬರೆದಿದ್ದರೆ ಇವತ್ತು ಅಲ್ಲಿರುವುದು ಬೇರೆ ಕ್ರ್ಯಾಶ್ ಆಗಿರಬಹುದು. ಕ್ರಮಸಂಖ್ಯೆ ಆ ಯಂತ್ರದೊಳಗಿನ ಜಾಗದ ಗುರುತು. ಅದನ್ನು ಐಡಿ ಎಂದು ಡೇಟಾಬೇಸಿಗೆ ಹಾಕಬಾರದು.

ದಿನಾಂಕ ಹಾಕುವುದಾದರೆ ವರ್ಷ ಮೊದಲು. ವಿಂಡೋಸ್ ಕರ್ನಲ್ ಮಿನಿಡಂಪಿನ (ಸಣ್ಣ ಡಂಪಿನ) ಹೆಸರು ತಿಂಗಳು-ದಿನ-ವರ್ಷ ಎಂದು ಆರು ಅಂಕಿಗಳಿಂದ ಶುರುವಾಗುತ್ತದೆ. ಹಾಗಾಗಿ 2025ರ ಜನವರಿ 2ರ 010225, 2024ರ ಡಿಸೆಂಬರ್ 31ರ 123124ಕ್ಕಿಂತ ಮೇಲೆ ಬಂದು ಕೂರುತ್ತದೆ. ಸಮಯದಲ್ಲಿ ಕೋಲನ್ ಬೇಡವೇ ಬೇಡ. ಕೆಡಂಪ್ ಡೈರೆಕ್ಟರಿಗಳು ಐಪಿ ವಿಳಾಸ, ದಿನಾಂಕ, ಆಮೇಲೆ 10:20:30 ಎಂಬಂಥ ಸಮಯ ಹೊತ್ತಿರುತ್ತವೆ. ಜಾಲದ ಮೂಲಕ ಫೈಲ್ ಕಾಪಿ ಮಾಡುವ ಎಸ್‌ಸಿಪಿಗೆ ಅದನ್ನು ನೇರ ಕೊಟ್ಟರೆ ಮೊದಲ ಕೋಲನ್‌ವರೆಗಿನದ್ದನ್ನು ಹೋಸ್ಟ್‌ನೇಮ್ ಎಂದುಕೊಂಡು ಜಾಲದಲ್ಲಿ ಹುಡುಕುತ್ತದೆ. ಹೆಸರಿನ ಮುಂದೆ ಚುಕ್ಕಿ-ಸ್ಲ್ಯಾಶ್ ಸೇರಿಸಿದರೆ ಸರಿಹೋಗುತ್ತದೆ. ವಿಂಡೋಸ್ ಡಿಸ್ಕಿಗೆ ಆ ಹೆಸರಲ್ಲಿ ಕಾಪಿಯೇ ಆಗದು.

ಫೈಲ್ ಹೆಸರೊಂದೇ ಗತಿಯಾಗಿರುವ ಸಂದರ್ಭವೂ ಇದೆ. ಲಿನಕ್ಸ್‌ನ ಪಿಸ್ಟೋರ್ ಡಂಪನ್ನು ಇಎಫ್‌ಐ (ಯಂತ್ರದ ಫರ್ಮ್‌ವೇರ್) ವೇರಿಯಬಲ್‌ಗಳಿಗೆ ಬರೆಯುವಾಗ ವೇರಿಯಬಲ್ಲಿನ ಹೆಸರಿನಲ್ಲೇ ಬಗೆ, ಭಾಗದ ಸಂಖ್ಯೆ, ಎಣಿಕೆ, ಸಮಯ, ಕೊನೆಗೊಂದು ಅಕ್ಷರ ಇರುತ್ತದೆ. ಸಿ ಆದರೆ ಕಂಪ್ರೆಸ್ ಮಾಡಿದ್ದು, ಡಿ ಆದರೆ ಬರೀ ಡೇಟಾ. ಮೇಲೆ ಹೇಳಿದ ಮೂವರಲ್ಲಿ ಇಲ್ಲಿ ಬರೆಯುವವನು ಮೊದಲನೆಯವನು, ಸಾಯುತ್ತಿರುವ ಕರ್ನಲ್. ಜಾಗ ಅತಿ ಕಡಿಮೆ, ಫೈಲ್ ಸಿಸ್ಟಮ್ ಇಲ್ಲ. ಹೆಸರಲ್ಲಿ ತುರುಕಿದ್ದು ಸರಿಯೇ.

ಡಂಪಿನೊಳಗೆ ಪಠ್ಯ ರೂಪದ ಕೀ-ವ್ಯಾಲ್ಯೂ

ಈ ಬಗೆಗೆ ಒಳ್ಳೆಯ ಮಾದರಿ ಲಿನಕ್ಸ್‌ನ ವಿಎಂಕೋರ್‌ಇನ್ಫೊ. ಎಲ್ಫ್ ನೋಟ್ (ಎಲ್ಫ್ ಎಂಬ ಫೈಲ್ ಫಾರ್ಮ್ಯಾಟಿನ ಚಿಕ್ಕ ಮಾಹಿತಿ ತುಣುಕು) ಒಂದರೊಳಗೆ ಸಾಲು ಸಾಲಾಗಿ ಪಠ್ಯ:

ಓಎಸ್‌ರಿಲೀಸ್=5.10.0
ಪೇಜ್‌ಸೈಝ್=4096
ಸೈಝ್(ಪೇಜ್)=64
ಆಫ್‌ಸೆಟ್(ಪೇಜ್.ಫ್ಲ್ಯಾಗ್ಸ್)=0
ಕರ್ನಲ್‌ಆಫ್‌ಸೆಟ್=12000000

ಆವರಣದ ಹೊರಗಿನ ಪದ ದೊಡ್ಡಕ್ಷರದಲ್ಲಿ, ಅದು ಬಗೆ. ಒಳಗಿನದು ಕರ್ನಲ್ ಸೋರ್ಸಿನಲ್ಲಿರುವ ಹೆಸರೇ, ಅಕ್ಷರಶಃ. ಸಿಂಬಲ್, ಸೈಝ್, ಆಫ್‌ಸೆಟ್, ಲೆಂಗ್ತ್, ನಂಬರ್ ಎಂಬ ಬೆರಳೆಣಿಕೆಯ ಬಗೆಗಳಲ್ಲಿ ಇಡೀ ಪಟ್ಟಿ ಅಡಗುತ್ತದೆ. ಸ್ಟ್ರಿಂಗ್ಸ್ ಮತ್ತು ಗ್ರೆಪ್ ಎಂಬ ಪಠ್ಯ ಹುಡುಕುವ ಕಮಾಂಡುಗಳಿದ್ದರೆ ಸಾಕು, ಬೇರೆ ಸಾಧನವಿಲ್ಲದೆ ಓದಬಹುದು. ಹೆಸರಿನಲ್ಲೇ ಬಗೆ ಇರುವುದರಿಂದ, ಹೊಸ ಕೀ ಬಂದರೂ ಹಳೆಯ ಪಾರ್ಸರ್ ಅದನ್ನು ಗುರುತಿಸಿ ಬದಿಗಿಡಬಲ್ಲದು. ಡಂಪ್ ಫಾರ್ಮ್ಯಾಟುಗಳ ಲೋಕದಲ್ಲಿ ಇಷ್ಟು ಸರಳವಾಗಿ ಯೋಚಿಸಿದ್ದು ಅಪರೂಪ.

ಇನ್ನೊಂದು ಜಾಣತನ: ಈ ಸಾಲುಗಳಲ್ಲಿ ಬಹುತೇಕ ಎಲ್ಲವೂ ಬೂಟ್ ಸಮಯದಲ್ಲೇ ಸಿದ್ಧವಾಗಿರುತ್ತವೆ. ಕುಸಿಯುವ ಗಳಿಗೆಯಲ್ಲಿ ಸೇರುವುದು ಕ್ರ್ಯಾಶ್‌ಟೈಮ್ ಸಾಲು. ಮೆಮೊರಿ ಕೆಟ್ಟಿರಬಹುದಾದ ಹೊತ್ತಿನಲ್ಲಿ ಸ್ಟ್ರಿಂಗ್ ಕಟ್ಟುವ ಕೆಲಸ ಆದಷ್ಟು ಕಡಿಮೆ ಇರಬೇಕಲ್ಲ. ನಿಮ್ಮದೇ ಫಾರ್ಮ್ಯಾಟು ಮಾಡುವುದಾದರೆ ಇದನ್ನು ಹಾಗೆಯೇ ಅನುಸರಿಸಿ.

ಇನ್ನು ದೋಷಗಳು. ಮೇಲಿನ ಐದು ಸಾಲುಗಳನ್ನು ಮತ್ತೆ ನೋಡಿ. ಸೈಝ್ ಮತ್ತು ಆಫ್‌ಸೆಟ್ ದಶಮಾನದಲ್ಲಿವೆ. ಕರ್ನಲ್‌ಆಫ್‌ಸೆಟ್ (ಕರ್ನಲ್ ತನ್ನ ಮೂಲ ವಿಳಾಸದಿಂದ ಎಷ್ಟು ಸರಿದಿದೆ ಎಂಬುದು) ಹೆಕ್ಸ್‌ನಲ್ಲಿದೆ, ಎಂದರೆ 16ರ ಎಣಿಕೆಯಲ್ಲಿ, ಮುಂದೆ ಸೊನ್ನೆ-ಎಕ್ಸ್ ಗುರುತೂ ಇಲ್ಲ. ಎ ಇಂದ ಎಫ್‌ವರೆಗಿನ ಅಕ್ಷರ ಬಂದ ದಿನ ಪಾರ್ಸರ್ ಕೂಗಿಕೊಳ್ಳುತ್ತದೆ, ಸರಿಪಡಿಸುತ್ತೀರಿ. ಬರೀ ಅಂಕಿಗಳೇ ಬಂದ ದಿನ ಅದು ಸದ್ದಿಲ್ಲದೆ 1 ಕೋಟಿ 20 ಲಕ್ಷ ಎಂದು ಓದಿಕೊಂಡು ಮುಂದೆ ಹೋಗುತ್ತದೆ. ನಿಜವಾದ ಬೆಲೆ 301989888. ಎಲ್ಲ ಸಿಂಬಲ್‌ಗಳೂ (ಫಂಕ್ಷನ್, ವೇರಿಯಬಲ್‌ಗಳ ಹೆಸರುಗಳು) ತಪ್ಪು ವಿಳಾಸಕ್ಕೆ ಸರಿದು, ಬ್ಯಾಕ್‌ಟ್ರೇಸ್ (ಬೀಳುವ ಮುನ್ನ ನಡೆದ ಕರೆಗಳ ಸರಣಿ) ಅರ್ಥವಿಲ್ಲದ್ದಾಗುತ್ತದೆ. ಸಿಂಬಲ್ ಸಾಲುಗಳೂ ಹೀಗೆಯೇ ಗುರುತಿಲ್ಲದ ಹೆಕ್ಸ್. ನಂಬರ್ ಸಾಮಾನ್ಯವಾಗಿ ದಶಮಾನ, ಆದರೆ 64 ಬಿಟ್ ಆರ್ಮ್‌ನಲ್ಲಿ ‘ನಂಬರ್(ಕೆಇಮೇಜ್_ವಿಆಫ್‌ಸೆಟ್)’ ಸೊನ್ನೆ-ಎಕ್ಸ್ ಸಮೇತ ಹೆಕ್ಸ್‌ನಲ್ಲಿ ಬರುತ್ತದೆ. ಹಾಗಾಗಿ ಪಾರ್ಸರಿನಲ್ಲಿ ನಿಯಮ ಹೀಗಿರಲಿ: ಸೊನ್ನೆ-ಎಕ್ಸ್ ಕಂಡರೆ ಹೆಕ್ಸ್, ಇಲ್ಲವಾದರೆ ಸಿಂಬಲ್ ಮತ್ತು ಕರ್ನಲ್‌ಆಫ್‌ಸೆಟ್ ಮಾತ್ರ ಹೆಕ್ಸ್, ಉಳಿದವು ದಶಮಾನ, ನಂಬರ್‌ಗೆ ಋಣ ಚಿಹ್ನೆಯೂ ಇರಬಹುದು.

ಎರಡನೆಯದು ಜಾಗ. ಇಡೀ ವಿಎಂಕೋರ್‌ಇನ್ಫೊಗೆ ಸಿಗುವುದು ಒಂದು ಪೇಜು, ಎಂದರೆ ಸಾಮಾನ್ಯವಾಗಿ 4096 ಬೈಟು. ಮೀರಿದ್ದು ಕತ್ತರಿಸಿಹೋಗುತ್ತದೆ. ಪ್ರತಿ ಕೀ 40 ಬೈಟಾದರೆ ನೂರರಷ್ಟಕ್ಕೇ ಪುಟ ತುಂಬಿತು. ಉದ್ದುದ್ದ ವಿವರಣಾತ್ಮಕ ಹೆಸರು ಇಡುವ ಆಸೆ ಇಲ್ಲಿ ನಡೆಯುವುದಿಲ್ಲ.

ಮೂರನೆಯದು ಆಳವಾದದ್ದು. ಆವರಣದೊಳಗಿನ ಹೆಸರು ಕರ್ನಲ್ ಸೋರ್ಸಿನದ್ದೇ ಆದ್ದರಿಂದ, ಸೋರ್ಸ್ ಬದಲಾದರೆ ಕೀ ಬದಲಾಗುತ್ತದೆ. 2020ರ ಡಿಸೆಂಬರ್‌ನಲ್ಲಿ ಬಂದ 5.10 ಕರ್ನಲ್‌ನಲ್ಲಿ ಪ್ರಿಂಟ್‌ಕೆ ಬಫರ್ (ಕರ್ನಲ್ ತನ್ನ ಸಂದೇಶಗಳನ್ನು ಇಡುವ ಜಾಗ) ಹೊಸ ವಿನ್ಯಾಸ ಪಡೆಯಿತು. ‘ಪ್ರಿಂಟ್‌ಕೆ_ಲಾಗ್’ಗೆ ಸೇರಿದ ಕೀಗಳು ಹೋಗಿ ‘ಪ್ರಿಂಟ್‌ಕೆ_ರಿಂಗ್‌ಬಫರ್’ನವು ಬಂದವು. ಡಂಪ್ ಉಳಿಸುವ ಸಾಧನ ಮೇಕ್‌ಡಂಪ್‌ಫೈಲ್‌ನ ಹಳೆಯ ಆವೃತ್ತಿ ಇಟ್ಟುಕೊಂಡವರಿಗೆ ಡಂಪ್ ಸಿಕ್ಕಿತು, ಅದರಿಂದ ಡಿಮೆಸೇಜ್ (ಆ ಸಂದೇಶಗಳ ಪಟ್ಟಿ) ತೆಗೆಯಲು ಬರಲಿಲ್ಲ. ಇದನ್ನು ದೋಷವೆಂದು ಬಯ್ಯುವುದು ಸುಲಭ. ಆದರೆ ಹೆಸರು ಅದೇ ಉಳಿದು ಒಳಗಿನ ಅರ್ಥ ಬದಲಾಗಿದ್ದರೆ ಸಾಧನ ತಪ್ಪು ಪಠ್ಯವನ್ನೇ ಸರಿಯೆಂದು ತೋರಿಸುತ್ತಿತ್ತು. ಹೆಸರು ಮುರಿದುಬೀಳುವುದು ಎಷ್ಟೋ ವಾಸಿ.

ಟ್ಯಾಗ್ ಸಂಖ್ಯೆಗಳು

ಹೆಸರೇ ಬೇಡ, ಸಂಖ್ಯೆ ಸಾಕು ಎನ್ನುವ ಪಂಗಡ ಇದು. ಎಲ್ಫ್ ಕೋರ್ ಫೈಲಿನ ನೋಟ್‌ಗಳು, ವಿಂಡೋಸ್ ಮಿನಿಡಂಪ್‌ನ ಸ್ಟ್ರೀಮ್‌ಗಳು, ವಿಂಡೋಸ್ ಕರ್ನಲ್ ಡಂಪಿಗೆ ಡ್ರೈವರ್‌ಗಳು ಸೇರಿಸುವ ಜಿಯುಐಡಿ (ಬೇರೊಂದಕ್ಕೆ ತಾಳೆಯಾಗದ 128 ಬಿಟ್ ಗುರುತು) ಹೊತ್ತ ತುಣುಕುಗಳು ಮೂರೂ ಈ ಪಂಗಡದವು.

ಎಲ್ಫ್ ನೋಟಿಗೆ ಮಾಲೀಕನ ಹೆಸರೊಂದು, ಬಗೆಯ ಸಂಖ್ಯೆಯೊಂದು. ಎರಡೂ ಸೇರಿದರೆ ಮಾತ್ರ ಅರ್ಥ. ಸಂಖ್ಯೆ 3 ‘ಕೋರ್’ ಹೆಸರಿನಡಿ ಬಂದರೆ ಪ್ರೊಸೆಸ್ ಮಾಹಿತಿ. ‘ಗ್ನೂ’ ಹೆಸರಿನಡಿ ಬಂದರೆ ಬಿಲ್ಡ್-ಐಡಿ, ಎಂದರೆ ಆ ಒಂದು ಬಿಲ್ಡಿನ ಗುರುತು. ಬಗೆಯ ಸಂಖ್ಯೆಯನ್ನಷ್ಟೇ ಸ್ವಿಚ್‌ಗೆ ಹಾಕಿ ಬರೆದ ಕೋಡು ಇವತ್ತು ಓಡಿದರೂ ನಾಳೆ ಎಡವುತ್ತದೆ. ಹೆಸರಿನ ಉದ್ದದಲ್ಲಿ ಕೊನೆಯ ಸೊನ್ನೆ ಬೈಟೂ ಸೇರಿರುತ್ತದೆ ಎಂಬುದು ನೆನಪಿರಲಿ: ‘ಕೋರ್’ ಇಂಗ್ಲಿಷಿನಲ್ಲಿ ನಾಲ್ಕಕ್ಷರ, ಉದ್ದ 5, ನಾಲ್ಕರ ಗುಣಕಕ್ಕೆ ಏರಿಸಿದಾಗ 8. ‘ವಿಎಂಕೋರ್‌ಇನ್ಫೊ’ ಹತ್ತಕ್ಷರ, ಉದ್ದ 11, ಏರಿಸಿದಾಗ 12. ಇದನ್ನು ತಪ್ಪಿಸಿದರೆ ಮೊದಲ ನೋಟ್ ಸರಿಯಾಗಿ ಓದಿ ಎರಡನೆಯದರಿಂದ ಎಲ್ಲ ಅಡ್ಡಾದಿಡ್ಡಿಯಾಗುತ್ತದೆ.

ಮಿನಿಡಂಪ್‌ನಲ್ಲಿ ಮಾಲೀಕನ ಹೆಸರಿಗೆ ಜಾಗವೇ ಇಲ್ಲ. ಬರೀ 32 ಬಿಟ್ ಸಂಖ್ಯೆ. 3 ಥ್ರೆಡ್ ಪಟ್ಟಿ, 4 ಮಾಡ್ಯೂಲ್ ಪಟ್ಟಿ, 6 ಎಕ್ಸೆಪ್ಶನ್, 7 ಸಿಸ್ಟಮ್ ಮಾಹಿತಿ. 65535ರವರೆಗಿನದು ಮೈಕ್ರೋಸಾಫ್ಟಿಗೆ ಮೀಸಲು, ಅದರಾಚೆ ಯಾರು ಬೇಕಾದರೂ. ಈ ಬಯಲಿನಲ್ಲಿ ಘರ್ಷಣೆ ತಪ್ಪಿಸಲು ಗೂಗಲ್‌ನ ಕ್ರ್ಯಾಶ್ ವರದಿ ಲೈಬ್ರರಿ ಬ್ರೇಕ್‌ಪ್ಯಾಡ್ ಒಂದು ಉಪಾಯ ಮಾಡಿತು: ಮೇಲಿನ 16 ಬಿಟ್‌ಗಳಲ್ಲಿ ಎರಡಕ್ಷರದ ಆಸ್ಕಿ ಸಹಿ. ಹೆಕ್ಸ್ 47670001ರಲ್ಲಿ 47 67 ಎಂದರೆ ದೊಡ್ಡ ಜಿ, ಸಣ್ಣ ಜಿ. ಅದರ ಉತ್ತರಾಧಿಕಾರಿ ಕ್ರ್ಯಾಶ್‌ಪ್ಯಾಡ್ 43500001 ಆರಿಸಿತು: ಸಿ, ಪಿ. ಲಿನಕ್ಸ್‌ನಲ್ಲೂ ಇದೇ ಚಾಳಿ ಕಾಣುತ್ತದೆ. ಸಿಗ್ನಲ್ ಮಾಹಿತಿಯ ನೋಟಿನ ಬಗೆ ಹೆಕ್ಸ್ 53494749, ಆಸ್ಕಿಯಲ್ಲಿ ಎಸ್-ಐ-ಜಿ-ಐ. ಹೆಕ್ಸ್ ವೀಕ್ಷಕದಲ್ಲಿ ನೋಡುವಾಗ ಬೈಟುಗಳು ತಿರುಗಿರುತ್ತವೆ ಎಂಬುದೊಂದು ಎಚ್ಚರ.

ಹೊಸ ಸ್ಟ್ರೀಮ್ ಸೇರಿಸುವವರು ಈ ಎರಡಕ್ಷರದ ಸಹಿಯ ದಾರಿ ಹಿಡಿಯಲಿ. ಎರಡಕ್ಷರ ಸಾಲದು ಅನ್ನಿಸಿದರೆ ಜಿಯುಐಡಿ: ಘರ್ಷಣೆಯ ಭಯವಿಲ್ಲ, ಆದರೆ ಕಣ್ಣಿಗೆ ಏನೂ ಹೇಳುವುದಿಲ್ಲ. ವಿಂಡೋಸ್ ಡೀಬಗರ್ ವಿನ್‌ಡಿಬಿಜಿಯಲ್ಲಿ ಚುಕ್ಕಿ-ಎನಮ್‌ಟ್ಯಾಗ್ ಕಮಾಂಡು ಜಿಯುಐಡಿ ಮತ್ತು ಬೈಟುಗಳನ್ನು ತೋರಿಸುತ್ತದೆ, ಅದು ಯಾವ ಡ್ರೈವರಿನದ್ದೆಂದು ನಿಮ್ಮ ಪಟ್ಟಿಯೇ ಹೇಳಬೇಕು. ಆ ಪಟ್ಟಿ ಕಳೆದರೆ ಡೇಟಾವೂ ಕಳೆದಂತೆ.

ಬಿಗಿಯಾದ ಹೆಡರ್ ಸ್ಟ್ರಕ್ಚರ್

ಇಲ್ಲಿ ಹೆಸರು ಡಂಪಿನೊಳಗೆ ಇರುವುದೇ ಇಲ್ಲ, ಹೆಡರ್ ಫೈಲಿನ ಸೋರ್ಸಿನಲ್ಲಿರುತ್ತದೆ. ಡಂಪಿನಲ್ಲಿರುವುದು ಬರೀ ಬೈಟುಗಳ ಸ್ಥಾನ. ಬರೆಯುವವನಿಗೆ ಬಲು ಅಗ್ಗ. ಓದುವವನು ಹೆಸರನ್ನು ನಂಬಿ ಮೋಸಹೋಗುತ್ತಾನೆ.

ವಿಂಡೋಸ್ ಕರ್ನಲ್ ಡಂಪ್ ಹೆಡರಿನ ‘ಮೇಜರ್‌ವರ್ಷನ್’ ನೋಡಿ. ವಿಂಡೋಸ್ 10 ಆದರೆ 10 ಇರಬೇಕು ಎಂದುಕೊಂಡರೆ ಸಿಗುವುದು 15. ಅದು ಫ್ರೀ ಬಿಲ್ಡ್ (ಸಾಮಾನ್ಯ ಬಿಡುಗಡೆ) ಎಂಬುದರ ಗುರುತು. ಚೆಕ್ಡ್ ಬಿಲ್ಡ್ (ಡೀಬಗ್ ಮಾಡಲು ಕಟ್ಟಿದ್ದು) ಆದರೆ 12. ಬಿಲ್ಡ್ ಸಂಖ್ಯೆ, ಉದಾಹರಣೆಗೆ 19041, ಇರುವುದು ‘ಮೈನರ್‌ವರ್ಷನ್’ನಲ್ಲಿ. ಇನ್ನೊಂದು: ತುಂಬದೆ ಬಿಟ್ಟ ಫೀಲ್ಡುಗಳಲ್ಲಿ ಸೊನ್ನೆ ಇರುವುದಿಲ್ಲ, ‘ಪೇಜ್’ ಎಂಬ ನಾಲ್ಕಕ್ಷರ ಮತ್ತೆ ಮತ್ತೆ ಬರೆದಿರುತ್ತದೆ. 32 ಬಿಟ್ ಸಂಖ್ಯೆಯಾಗಿ ಓದಿದರೆ ಹೆಕ್ಸ್ 45474150. ಈ ಬೆಲೆ ಕಂಡರೆ ‘ಇಲ್ಲ’ ಎಂದು ದಾಖಲಿಸಿ. ಹಾಗೆ ಮಾಡದಿದ್ದರೆ ಡ್ಯಾಶ್‌ಬೋರ್ಡಿನಲ್ಲಿ ಅಸಂಬದ್ಧ ಸಂಖ್ಯೆಗಳೂ ಕಾಮೆಂಟ್ ಅಂಕಣದಲ್ಲಿ ‘ಪೇಜ್‌ಪೇಜ್‌ಪೇಜ್’ ಕೂಡ ಮೆರೆಯುತ್ತವೆ.

ಲಿನಕ್ಸ್‌ನ ಕೆಡಂಪ್ ಕಂಪ್ರೆಸ್ಡ್ ಫಾರ್ಮ್ಯಾಟಿನಲ್ಲಿ ಮೊದಲ 8 ಬೈಟು ಸಹಿ: ‘ಕೆಡಂಪ್’ ಎಂಬ ಐದಕ್ಷರ, ಹಿಂದೆ ಮೂರು ಸ್ಪೇಸ್. ಟ್ರಿಮ್ ಮಾಡಿ ಹೋಲಿಸುವ ಲೈಬ್ರರಿಗಳಲ್ಲಿ ಪರವಾಗಿಲ್ಲ, ಸೊನ್ನೆ ಬೈಟು ನಿರೀಕ್ಷಿಸುವವು ಸೋಲುತ್ತವೆ. ಇದರ ‘ಮ್ಯಾಕ್ಸ್_ಮ್ಯಾಪ್‌ಎನ್‌ಆರ್’ ಫೀಲ್ಡು 32 ಬಿಟ್‌ನದ್ದು. 4 ಕೆಬಿ ಪೇಜಿನಲ್ಲಿ 16 ಟಿಬಿ ಭೌತಿಕ ವಿಳಾಸಕ್ಕೆ ಅದು ಮುಗಿಯಿತು. ಹೆಡರ್ ಆವೃತ್ತಿ 6ರಲ್ಲಿ ‘ಮ್ಯಾಕ್ಸ್_ಮ್ಯಾಪ್‌ಎನ್‌ಆರ್_64’ ಎಂಬ ಹೊಸ ಫೀಲ್ಡನ್ನು ಸಬ್-ಹೆಡರಿನಲ್ಲಿ ಇಟ್ಟರು, ಹಳೆಯದು ತನ್ನ ಜಾಗದಲ್ಲೇ ಉಳಿಯಿತು. ಸ್ಟ್ರಕ್ಚರ್ ಪದ್ಧತಿಯಲ್ಲಿ ಬೆಳೆಯಲು ಇದೇ ಸರಿಯಾದ ಕ್ರಮ: ಹಳೆಯ ಹೆಸರಿನ ಅಗಲ ಬದಲಾಯಿಸಬೇಡಿ, ಹೊಸ ಹೆಸರಿನಲ್ಲಿ ಅಗಲವನ್ನೂ ಬರೆಯಿರಿ, ಆವೃತ್ತಿ ಸಂಖ್ಯೆ ಏರಿಸಿ. ಓದುವವರು ಆವೃತ್ತಿ ನೋಡದೆ ಸಬ್-ಹೆಡರ್ ಮುಟ್ಟಬಾರದು.

ಪಕ್ಕದಲ್ಲಿಡುವ ಜೊತೆಫೈಲು

ಯಂತ್ರ ಮತ್ತೆ ಎದ್ದ ಮೇಲೆ ಬರೆಯುವ ಮಾಹಿತಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಶೈಲಿಗಳು ನೂರೆಂಟು. ಫ್ರೀಬಿಎಸ್‌ಡಿಯ ಇನ್ಫೊ.0 ಮನುಷ್ಯರಿಗಾಗಿ ಬರೆದ ಪಠ್ಯ: ‘ಡಂಪ್ ಲೆಂಗ್ತ್’, ‘ಪ್ಯಾನಿಕ್ ಸ್ಟ್ರಿಂಗ್’, ‘ಡಂಪ್ ಸ್ಟೇಟಸ್’ ಎಂದು ನಡುವೆ ಸ್ಪೇಸ್ ಇರುವ ಕೀಗಳು. ಆಪೋರ್ಟ್‌ನದು ಇಮೇಲ್ ಹೆಡರಿನಂಥ ಸಾಲು: ‘ಎಕ್ಸಿಕ್ಯೂಟಬಲ್‌ಪಾತ್’, ‘ಪ್ರಾಕ್‌ಸಿಎಂಡಿಲೈನ್’, ಪ್ರತಿ ಪದದ ಮೊದಲಕ್ಷರ ದೊಡ್ಡದು. ಲಿನಕ್ಸ್‌ನ ಇನ್ನೊಂದು ಕ್ರ್ಯಾಶ್ ವರದಿ ಸಾಧನ ಎಬಿಆರ್‌ಟಿ ಒಂದು ಡೈರೆಕ್ಟರಿ ಮಾಡಿ ಪ್ರತಿ ಕೀಗೂ ಒಂದೊಂದು ಫೈಲಿಡುತ್ತದೆ. ಶೆಲ್ ಸ್ಕ್ರಿಪ್ಟ್ ಬರೆಯುವವರಿಗೆ ಹಬ್ಬ, ಸಾವಿರಾರು ಕ್ರ್ಯಾಶ್ ಸೇರಿದರೆ ಐನೋಡ್‌ಗಳಿಗೆ (ಡಿಸ್ಕಿನಲ್ಲಿ ಪ್ರತಿ ಫೈಲಿಗೂ ಬೇಕಾದ ದಾಖಲೆಗಳಿಗೆ) ಕುತ್ತು.

ವಿಂಡೋಸ್‌ನ ರಿಪೋರ್ಟ್.ವೆರ್ ಹತ್ತಿರ ಸ್ವಲ್ಪ ನಿಲ್ಲಬೇಕು. ಯುಟಿಎಫ್-16ರಲ್ಲಿ ಬರೆದ ಕೀ-ವ್ಯಾಲ್ಯೂ ಫೈಲು. ಗ್ರೆಪ್‌ಗೆ ಏನೂ ಸಿಗದಿದ್ದರೆ ಮೊದಲು ಈ ಎನ್‌ಕೋಡಿಂಗನ್ನು ನೋಡಿ. ಒಳಗೆ ‘ಸಿಗ್[0].ನೇಮ್’, ‘ಸಿಗ್[0].ವ್ಯಾಲ್ಯೂ’ ಎಂಬ ಜೋಡಿಗಳಿವೆ. ನೇಮ್‌ನಲ್ಲಿ ‘ಅಪ್ಲಿಕೇಶನ್ ನೇಮ್’ ಎಂದಿರುವುದನ್ನು ಕಂಡು ಅದನ್ನೇ ಹುಡುಕುವ ಕೋಡು ಬರೆದರೆ ಜರ್ಮನ್ ವಿಂಡೋಸ್‌ನ ವರದಿ ಬಂದ ದಿನ ಕೈಕೊಡುತ್ತದೆ. ಅಲ್ಲಿ ಅದು ‘ಆನ್‌ವೆಂಡುಂಗ್ಸ್‌ನಾಮೆ’. ನೇಮ್ ಎಂಬುದು ತೆರೆಯ ಮೇಲೆ ತೋರಿಸುವ ಲೇಬಲ್ಲು, ಭಾಷೆಗೆ ತಕ್ಕಂತೆ ಬದಲಾಗುತ್ತದೆ. ನಂಬಬೇಕಾದದ್ದು ಇವೆಂಟ್‌ಟೈಪ್ ಮತ್ತು ಆವರಣದ ಸಂಖ್ಯೆ.

ಮ್ಯಾಕ್‌ಓಎಸ್ 12ರಿಂದ ಐಪಿಎಸ್ ಎಂಬ ಕ್ರ್ಯಾಶ್ ವರದಿಗಳು ಜೇಸನ್ ರೂಪಕ್ಕೆ ಬಂದವು, ಆದರೆ ಇಡೀ ಫೈಲು ಒಂದು ಜೇಸನ್ ಅಲ್ಲ. ಮೊದಲ ಸಾಲು ಒಂದು ಆಬ್ಜೆಕ್ಟು, ಎರಡನೆಯ ಸಾಲಿನಿಂದ ಇನ್ನೊಂದು. ಒಟ್ಟಿಗೆ ಪಾರ್ಸರಿಗೆ ಕೊಟ್ಟರೆ ದೋಷ. ಮೊದಲ ಆಬ್ಜೆಕ್ಟಿನಲ್ಲಿ ಹೆಚ್ಚಿನ ಕೀಗಳು ಸಣ್ಣಕ್ಷರ-ಅಂಡರ್‌ಸ್ಕೋರ್ ಶೈಲಿಯವು (‘ಓಎಸ್_ವರ್ಷನ್’, ‘ಇನ್ಸಿಡೆಂಟ್_ಐಡಿ’), ಎರಡನೆಯದರಲ್ಲಿ ಕ್ಯಾಮಲ್ ಶೈಲಿ (‘ಓಎಸ್‌ವರ್ಷನ್’, ‘ಇನ್ಸಿಡೆಂಟ್’). ಓಎಸ್ ಆವೃತ್ತಿಯ ಹೆಸರು ಎರಡರಲ್ಲೂ ಒಂದೇ ಅನ್ನಿಸಿದರೂ ಮೊದಲನೆಯದು ಬರೀ ಸ್ಟ್ರಿಂಗು, ಎರಡನೆಯದು ಟ್ರೇನ್, ಬಿಲ್ಡ್ ಎಂಬ ಒಳ ಕೀಗಳಿರುವ ಆಬ್ಜೆಕ್ಟು. ಅಂಡರ್‌ಸ್ಕೋರ್ ತೆಗೆದು ಎಲ್ಲ ಕೀಗಳನ್ನೂ ಒಂದೇ ಶೈಲಿಗೆ ತರುವ ಅತಿಜಾಣ ಕೋಡು ಇಲ್ಲಿ ಒಂದರ ಮೇಲೆ ಇನ್ನೊಂದನ್ನು ಬರೆದುಬಿಡುತ್ತದೆ. ‘ಬಗ್_ಟೈಪ್’ 309 ಎಂದರೆ ಅಪ್ಲಿಕೇಶನ್ ಕ್ರ್ಯಾಶ್, 210 ಎಂದರೆ ಕರ್ನಲ್ ಪ್ಯಾನಿಕ್. ಎರಡೂ ಸಂಖ್ಯೆಗಳಂತೆ ಕಂಡರೂ ಫೈಲಿನಲ್ಲಿ ಸ್ಟ್ರಿಂಗ್‌ಗಳು.

ಜೊತೆಫೈಲಿಗೆ ಪರ್ಯಾಯವಾಗಿ ಸಿಸ್ಟಮ್‌ಡಿ-ಕೋರ್‌ಡಂಪ್ ಎರಡು ಕಡೆ ಬರೆಯುತ್ತದೆ. ಜರ್ನಲ್‌ನಲ್ಲಿ (ಸಿಸ್ಟಮ್‌ಡಿಯ ಲಾಗಿನಲ್ಲಿ) ‘ಕೋರ್‌ಡಂಪ್_ಪಿಐಡಿ’, ‘ಕೋರ್‌ಡಂಪ್_ಎಕ್ಸ್‌ಇ’ ಎಂದು ದೊಡ್ಡಕ್ಷರದಲ್ಲಿ. ಫೈಲಿನ ಎಕ್ಸ್‌ಟೆಂಡೆಡ್ ಆಟ್ರಿಬ್ಯೂಟ್‌ನಲ್ಲಿ ‘ಯೂಸರ್.ಕೋರ್‌ಡಂಪ್.ಪಿಐಡಿ’ ಎಂದು ಸಣ್ಣಕ್ಷರ-ಚುಕ್ಕಿಯಲ್ಲಿ. ಎರಡೂ ಆಯಾ ಮನೆಯ ನಿಯಮದಂತೆಯೇ: ಜರ್ನಲ್ ದೊಡ್ಡಕ್ಷರ, ಅಂಕಿ, ಅಂಡರ್‌ಸ್ಕೋರ್ ಮಾತ್ರ ಒಪ್ಪುತ್ತದೆ, 64 ಅಕ್ಷರದೊಳಗೆ, ಅಂಡರ್‌ಸ್ಕೋರ್‌ನಿಂದ ಶುರುವಾಗುವುದು ಜರ್ನಲ್‌ಡಿಗೇ ಮೀಸಲು. ಆಟ್ರಿಬ್ಯೂಟ್‌ಗಳ ದೌರ್ಬಲ್ಯವೆಂದರೆ ಸಾಮಾನ್ಯ ಎಸ್‌ಸಿಪಿ, ಆಯ್ಕೆ ಕೊಡದ ಟಾರ್ ಅಥವಾ ಸಿಪಿ ಮಾಡಿದೊಡನೆ ಉದುರಿಹೋಗುತ್ತವೆ. ಡಂಪ್ ಆ ಯಂತ್ರ ಬಿಟ್ಟು ಹೊರಡುವುದಾದರೆ ಇವುಗಳ ಮೇಲೆ ಭರವಸೆ ಬೇಡ.

ಹಾಗಾದರೆ ಯಾವುದು?

ಕರ್ನಲ್ ಬೀಳುವಾಗಲೇ ದಾಖಲಾಗಬೇಕಾದದ್ದು ಇದ್ದರೆ ಪಠ್ಯದ ಕೀ-ವ್ಯಾಲ್ಯೂ ಆರಿಸಿ, ಬೂಟಿನಲ್ಲೇ ಕಟ್ಟಿಡಿ. ದೊಡ್ಡ ಬೈನರಿ ತುಣುಕುಗಳಿಗೆ (ರಿಜಿಸ್ಟರ್, ಡ್ರೈವರಿನ ಸ್ಥಿತಿ) ಟ್ಯಾಗ್ ಸಂಖ್ಯೆ, ಮಾಲೀಕನ ಗುರುತಿನೊಂದಿಗೆ. ಹೊಸದಾಗಿ ಬಿಗಿ ಸ್ಟ್ರಕ್ಚರ್ ಮಾಡುವ ಕಾರಣ ಈಗ ಬಹುತೇಕ ಇಲ್ಲ. ಫೈಲ್ ಹೆಸರಿನಲ್ಲಿ ಯಂತ್ರದ ಗುರುತು, ಬೂಟ್ ಐಡಿ, ಯುಟಿಸಿ ಸಮಯ ಸಾಕು. ಕಮಾಂಡ್ ಲೈನ್, ಬಳಕೆದಾರನ ಹೆಸರು ಅಲ್ಲಿ ಬೇಡ, ಏಕೆಂದರೆ ಡಂಪನ್ನು ಎಷ್ಟೇ ಬಿಗಿ ಪರ್ಮಿಶನ್‌ನಲ್ಲಿಟ್ಟರೂ ಅದರ ಹೆಸರು ಲಾಗುಗಳಲ್ಲಿ ಊರೆಲ್ಲ ಸುತ್ತುತ್ತದೆ. ಉಳಿದ ಎಲ್ಲಕ್ಕೂ ಜೇಸನ್ ಜೊತೆಫೈಲು.

ಆ ಜೇಸನ್‌ನಲ್ಲಿ ಕೀಗಳು ಸಣ್ಣಕ್ಷರದಲ್ಲಿ, ಚುಕ್ಕಿಯಿಂದ ಗುಂಪು ಮಾಡಿ ಇರಲಿ. ನಿಗಾ ಮಾಹಿತಿಯ ಮುಕ್ತ ಮಾನದಂಡ ಓಪನ್‌ಟೆಲಿಮೆಟ್ರಿ ಈಗಾಗಲೇ ‘ಹೋಸ್ಟ್.ನೇಮ್’, ‘ಓಎಸ್.ಟೈಪ್’, ‘ಪ್ರೊಸೆಸ್.ಪಿಐಡಿ’ ಎಂದು ನಿಗದಿ ಮಾಡಿದೆ. ಅಲ್ಲಿರುವುದನ್ನು ಹಾಗೆಯೇ ಎತ್ತಿಕೊಳ್ಳಿ, ಇಲ್ಲದ್ದಕ್ಕೆ ಮಾತ್ರ ‘ಕ್ರ್ಯಾಶ್.’ ಎಂಬ ನಿಮ್ಮದೇ ಗುಂಪು. ಸಮಯ, ಗಾತ್ರ, ವಿಳಾಸಗಳಿಗೆ ಅಳತೆ ಹೆಸರಿನಲ್ಲೇ ಬರಲಿ: ‘ಕ್ರ್ಯಾಶ್.ಟೈಮ್_ಯುನಿಕ್ಸ್_ಎಂಎಸ್’, ‘ಕ್ರ್ಯಾಶ್.ಡಂಪ್_ಸೈಝ್_ಬೈಟ್ಸ್’, ‘ಕ್ರ್ಯಾಶ್.ಪಿಸಿ_ಹೆಕ್ಸ್’. ವಿಳಾಸಗಳು ಸ್ಟ್ರಿಂಗ್ ಆಗಿಯೇ ಇರಬೇಕು. ಹಲವು ಜೇಸನ್ ಪಾರ್ಸರುಗಳು ಸಂಖ್ಯೆಯನ್ನು 64 ಬಿಟ್ ಫ್ಲೋಟ್‌ನಲ್ಲಿ ಹಿಡಿಯುತ್ತವೆ, 9007199254740992 ದಾಟಿದರೆ ಕೊನೆಯ ಬಿಟ್‌ಗಳು ಉದುರುತ್ತವೆ. ಎಕ್ಸ್86 ಮತ್ತು ಆರ್ಮ್‌ನ 64 ಬಿಟ್ ಕರ್ನಲ್ ವಿಳಾಸಗಳೆಲ್ಲ ಅದರಾಚೆಯವೇ.

ಮೂಲ ಹೆಸರು ಮತ್ತು ಮೂಲ ಬೆಲೆಯನ್ನು ‘ರಾ’ ಎಂಬ ಉಪ-ಆಬ್ಜೆಕ್ಟಿನಲ್ಲಿ ಮುಟ್ಟದೆ ಇಡಿ. 1601ರ ಎಣಿಕೆಯನ್ನು 1970ಕ್ಕೆ ತರಲು 11644473600 ಸೆಕೆಂಡು ಕಳೆಯಬೇಕು. ಅದರಲ್ಲಿ ತಪ್ಪಾಗಿದೆ ಎಂದು ಆರು ತಿಂಗಳ ಮೇಲೆ ಗೊತ್ತಾದರೆ ‘ರಾ’ ಇಲ್ಲದೆ ತಿದ್ದುವುದು ಹೇಗೆ?

ಗುರುತಿನ ಕೀ ಬಗ್ಗೆ ವಿಶೇಷ ಎಚ್ಚರ. ಕರ್ನಲ್‌ನ ಆವೃತ್ತಿ ಸ್ಟ್ರಿಂಗು ಗುರುತಾಗದು, ಒಂದೇ ಸ್ಟ್ರಿಂಗಿನ ಎರಡು ಬಿಲ್ಡ್‌ಗಳು ಮಾಮೂಲು. ವಿಎಂಕೋರ್‌ಇನ್ಫೊಗೆ 2020ರಲ್ಲಿ ಸೇರಿದ ಬಿಲ್ಡ್-ಐಡಿ ಬಳಸಿ. ವಿಂಡೋಸ್‌ನಲ್ಲಿ ಇದೇ ಕೆಲಸಕ್ಕೆ ಪಿಡಿಬಿಯ (ಡೀಬಗ್ ಮಾಹಿತಿಯ ಫೈಲಿನ) ಜಿಯುಐಡಿ ಮತ್ತು ಏಜ್ ಎಂಬ ಸಂಖ್ಯೆ, ಮ್ಯಾಕ್‌ನಲ್ಲಿ ಬೈನರಿಯ ಯುಯುಐಡಿ. ಮೂರನ್ನೂ ಒಂದೇ ಅಂಕಣಕ್ಕೆ ತುರುಕಬೇಡಿ. ಬ್ರೇಕ್‌ಪ್ಯಾಡ್ ಲಿನಕ್ಸ್ ಬಿಲ್ಡ್-ಐಡಿಯ ಮೊದಲ 16 ಬೈಟನ್ನು ಜಿಯುಐಡಿ ಎಂದು ಓದುತ್ತದೆ, ಆಗ ಮೊದಲ ಮೂರು ಭಾಗಗಳ ಬೈಟುಗಳು ತಿರುಗುತ್ತವೆ: 12345678 9012 3456 ಎಂದು ಶುರುವಾಗುವ ಐಡಿ 78563412 1290 5634 ಆಗುತ್ತದೆ, ಕೊನೆಗೆ ಏಜ್ ಎಂದು ಒಂದು 0 ಸೇರುತ್ತದೆ. ‘ಬಿಲ್ಡ್_ಐಡಿ’ ಮತ್ತು ‘ಡೀಬಗ್_ಐಡಿ’ ಎಂದು ಎರಡು ಪ್ರತ್ಯೇಕ ಹೆಸರಿಡಿ. ಸಿಂಬಲ್ ಸರ್ವರ್ (ಈ ಗುರುತಿನಿಂದ ಸಿಂಬಲ್‌ಗಳನ್ನು ಹುಡುಕಿ ಕೊಡುವುದು) ‘ಸಿಗಲಿಲ್ಲ’ ಎನ್ನುತ್ತಿದ್ದರೆ ಮೊದಲು ನೋಡಬೇಕಾದ ಜಾಗ ಇದೇ.

ಕೊನೆಯದು, ಡಂಪ್ ಪೂರ್ತಿಯಾಗಿದೆಯೇ ಎಂಬುದು. ಫ್ರೀಬಿಎಸ್‌ಡಿ ಇದನ್ನು ಕೀಯಲ್ಲಿ ಹೇಳುತ್ತದೆ: ‘ಡಂಪ್ ಸ್ಟೇಟಸ್’ ಗುಡ್. ಕೆಡಂಪ್ ಹೆಸರಿನಲ್ಲಿ ಹೇಳುತ್ತದೆ: ಬರೆಯುವಾಗ ‘ವಿಎಂಕೋರ್-ಇನ್‌ಕಂಪ್ಲೀಟ್’, ಮುಗಿದ ಮೇಲೆ ಮರುನಾಮಕರಣಗೊಂಡು ‘ವಿಎಂಕೋರ್’. ಕೆಡಂಪ್‌ನ ದಾರಿ ಮೇಲು. ನಡುವೆ ಕರೆಂಟ್ ಹೋದರೆ ಕೀ ಬರೆಯುವ ಅವಕಾಶವೇ ಇರುವುದಿಲ್ಲ, ಅರೆಬರೆ ಹೆಸರು ಮಾತ್ರ ತಾನಾಗಿ ಉಳಿದಿರುತ್ತದೆ. ಸಂಗ್ರಾಹಕ ಆ ಬಾಲವಿರುವ ಫೈಲನ್ನು ಎತ್ತಬಾರದು, ಅಳಿಸಲೂಬಾರದು. ಅಪೂರ್ಣ ಡಂಪಿನ ಹೆಡರ್ ಮತ್ತು ವಿಎಂಕೋರ್‌ಇನ್ಫೊ ಹಲವು ಸಲ ಓದಲು ಸಿಗುತ್ತವೆ. ಮರುನಾಮಕರಣ ಒಂದೇ ಫೈಲ್ ಸಿಸ್ಟಮ್‌ನೊಳಗೆ ಆಗಲಿ. ಬೇರೆ ಡಿಸ್ಕಿಗೆ ಎಂವಿ ಮಾಡಿದರೆ ಅದು ಒಳಗೊಳಗೆ ಕಾಪಿ, ಅರ್ಧ ಬರೆದ ಫೈಲಿಗೇ ಪೂರ್ಣ ಹೆಸರು ಬಿದ್ದಿರುತ್ತದೆ.